ಹಬ್ಬದ ಮೇಜಿನ ಖಾಲಿ ಕುರ್ಚಿ

ಸಮಾಧಿಗೆ ಮಣ್ಣು ಹಾಕಿ, ಕೊನೆಯ ಪ್ರಾರ್ಥನೆ ಮುಗಿಸಿ ಮನೆಗೆ ಬಂದ ಮೇಲೆ ತೀರಿಹೋದವರ ಋಣವೂ ತೀರಿತೇ? ಈ ಪ್ರಶ್ನೆಗೆ ದೊಡ್ಡ ಗ್ರಂಥಗಳಿಗಿಂತ ಜನಸಾಮಾನ್ಯರ ಹಬ್ಬಗಳು ಚೆನ್ನಾಗಿ ಉತ್ತರ ಕೊಡುತ್ತವೆ.

ವಿಯೆಟ್ನಾಮಿನ ಜನರಿಗೆ ತೆತ್ ಎಂಬುದು ವರ್ಷದ ದೊಡ್ಡ ಹಬ್ಬ. ಅದು ಚಾಂದ್ರಮಾನದ ಹೊಸ ವರ್ಷ. ಜನವರಿಯ ಕೊನೆಗೋ ಫೆಬ್ರವರಿಯಲ್ಲೋ ಬರುತ್ತದೆ. ಹಬ್ಬಕ್ಕೆ ಮೊದಲು ಹಿರಿಯರ ಸಮಾಧಿಗಳನ್ನು ಶುಚಿಗೊಳಿಸುತ್ತಾರೆ. ಸಾಲ ತೀರಿಸಿ, ಮುನಿಸು ಮರೆಯಲು ನೋಡುತ್ತಾರೆ. ದುಡಿಯಲು ಪಟ್ಟಣ ಸೇರಿದವರು ಬಸ್ಸು, ರೈಲು ತುಂಬಿ ಊರಿಗೆ ಮರಳುತ್ತಾರೆ. ಅಂಟು ಅಕ್ಕಿ, ಹೆಸರುಬೇಳೆ, ಹಂದಿಮಾಂಸ ಸೇರಿಸಿ ಎಲೆಯಲ್ಲಿ ಚೌಕವಾಗಿ ಕಟ್ಟಿದ ಕಡುಬು ಗಂಟೆಗಟ್ಟಲೆ ಬೇಯುತ್ತದೆ. ವರ್ಷದ ಕೊನೆಯ ದಿನ ಮನೆಯ ಪೂರ್ವಜರ ಪೀಠದ ಮುಂದೆ ಅಡುಗೆ ಇಟ್ಟು, ತೀರಿಹೋದ ಅಜ್ಜ ಅಜ್ಜಿಯರನ್ನು ಹಬ್ಬದೂಟಕ್ಕೆ ಕರೆಯುತ್ತಾರೆ. ಮೊದಲ ದಿನ ತಂದೆಯ ಕಡೆಯವರಿಗೆ, ಎರಡನೆಯ ದಿನ ತಾಯಿಯ ಕಡೆಯವರಿಗೆ, ಮೂರನೆಯ ದಿನ ಗುರುಗಳಿಗೆ ಎಂಬುದು ಅಲ್ಲಿನ ವಾಡಿಕೆ.

ಪಶ್ಚಿಮದ ಕಡೆ ನೋಡಿ. ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಕೃತಜ್ಞತಾ ದಿನ. ಮಕ್ಕಳು ಎಷ್ಟೇ ದೂರದಲ್ಲಿದ್ದರೂ ಹೆತ್ತವರ ಮನೆಯ ದಾರಿ ಹಿಡಿಯುತ್ತಾರೆ. ಪೋಲೆಂಡಿನ ಮನೆಗಳಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟಕ್ಕೆ ಒಂದು ತಟ್ಟೆ ಹೆಚ್ಚಾಗಿ ಇಡುತ್ತಾರೆ. ಅದು ಕರೆಯದೆ ಬರುವ ಅತಿಥಿಗೆ. ಅಗಲಿದವರ ನೆನಪಿಗೆ ಎನ್ನುವವರೂ ಇದ್ದಾರೆ. ನವೆಂಬರ್ 2ರಂದು, ನಾವು ಕಲ್ಲರೆ ಹಬ್ಬ ಎನ್ನುವ ದಿನ, ನಮ್ಮಂತೆಯೇ ಅವರೂ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತಾರೆ.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ. ಕ್ರಿಸ್ಮಸ್ಸಿನಲ್ಲಿ ಮನೆಮಂದಿ ಸೇರುವುದು ಮತ್ತೊಬ್ಬನ ಜನನಕ್ಕಾಗಿ. ತೆತ್‌ನಲ್ಲಿ ಹಬ್ಬದ ನಡುವೆ ಇರುವುದು ವಂಶವೇ. ಈ ವ್ಯತ್ಯಾಸ ಒಂದು ಕಾಲಕ್ಕೆ ಮನೆಗಳನ್ನು ಒಡೆಯಿತು. 1742ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಚೀನೀ ಪದ್ಧತಿಯ ಪೂರ್ವಜ ವಿಧಿಗಳನ್ನು ನಿಷೇಧಿಸಿದರು. ಆ ಕಟ್ಟು ವಿಯೆಟ್ನಾಮಿನ ಕ್ರೈಸ್ತರ ಮೇಲೂ ಬಿತ್ತು. ಆರಾಧನೆ ದೇವರೊಬ್ಬರಿಗೇ ಸಲ್ಲಬೇಕೆಂಬ ಉದ್ದೇಶ ಸರಿಯಾದದ್ದೇ. ಆದರೆ ಪೂರ್ವಜರ ಮುಂದೆ ತಲೆಬಾಗದ ಮಗ ನೆರೆಹೊರೆಯ ಕಣ್ಣಿಗೆ ಹೆತ್ತವರನ್ನೇ ತೊರೆದವನಾಗಿ ಕಂಡ. 1939ರಲ್ಲಿ ರೋಮ್ ಚೀನಾದ ಮಟ್ಟಿಗೆ ಈ ಕಟ್ಟನ್ನು ಸಡಿಲಿಸಿತು. 1964ರಲ್ಲಿ ಆ ಅನುಮತಿ ವಿಯೆಟ್ನಾಮಿಗೂ ದೊರೆಯಿತು. ಇಂದು ಅಲ್ಲಿನ ಧರ್ಮಸಭೆ ತೆತ್‌ನ ಮೊದಲ ದಿನ ಹೊಸ ವರ್ಷದ ಶಾಂತಿಗಾಗಿ, ಎರಡನೆಯ ದಿನ ಪೂರ್ವಜರಿಗಾಗಿ ಮತ್ತು ತಂದೆತಾಯಿಯರಿಗಾಗಿ, ಮೂರನೆಯ ದಿನ ದುಡಿಮೆಯ ಪವಿತ್ರೀಕರಣಕ್ಕಾಗಿ ಬಲಿಪೂಜೆ ಅರ್ಪಿಸುತ್ತದೆ.

ಬಾಗಿದ ತಲೆ ಒಂದೇ ಆದರೂ ಆರಾಧನೆ ಬೇರೆ, ಗೌರವ ಬೇರೆ. ದೇವರ ನಂತರ ನಾವು ಅತಿ ಹೆಚ್ಚು ಋಣಿಗಳಾಗಿರುವುದು ತಂದೆತಾಯಿಗೆ ಮತ್ತು ತಾಯ್ನಾಡಿಗೆ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ಆ ಋಣಕ್ಕೆ ಸಮನಾಗಿ ಹಿಂದಿರುಗಿಸಲು ನಮ್ಮಿಂದ ಸಾಧ್ಯವಿಲ್ಲ.

ತೀರಿಸಲಾಗದ ಋಣವನ್ನು ಏನು ಮಾಡುವುದು? ತೆತ್‌ನಲ್ಲಿ ಹಿರಿಯರು ಮಕ್ಕಳ ಕೈಗೆ ಕೆಂಪು ಲಕೋಟೆಯಲ್ಲಿ ಹಣ ಇಡುತ್ತಾರೆ. ಮೇಲಿನವರಿಂದ ಪಡೆದದ್ದನ್ನು ಕೆಳಗಿನವರಿಗೆ ದಾಟಿಸುವುದು, ಪಕ್ಕದವರೊಂದಿಗೆ ಹಂಚಿಕೊಳ್ಳುವುದು, ನಮಗೆ ಉಳಿದಿರುವ ದಾರಿ ಇದೇ. ಅಪ್ಪನ ಸಮಾಧಿಗೆ ಹೂವಿಟ್ಟು ಅಣ್ಣನ ಮನೆಯ ಹೊಸ್ತಿಲು ತುಳಿಯದವನು ಅಪ್ಪನಿಗೆ ಏನು ಕೊಟ್ಟಂತಾಯಿತು? ತನ್ನ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲಿ ಎಂದಲ್ಲವೇ ಆ ಜೀವ ಬಯಸಿದ್ದು?

ಮುಂದಿನ ಹಬ್ಬಕ್ಕೆ ನಮ್ಮ ಮನೆಯಲ್ಲೂ ಒಂದು ಕುರ್ಚಿ ಖಾಲಿ ಇರಬಹುದು. ಅದು ಸತ್ತವರದೋ, ಬದುಕಿದ್ದೂ ನಾವು ಕರೆಯದೆ ಬಿಟ್ಟವರದೋ ಎಂದು ಒಮ್ಮೆ ಕೇಳಿಕೊಳ್ಳೋಣ. ಸತ್ತವರಿಗಾಗಿ ಪ್ರಾರ್ಥಿಸೋಣ. ಬದುಕಿರುವವರನ್ನು ಹೋಗಿ ಕರೆಯೋಣ.