ಜೊತೆ ಹೋಗುವ ಧರ್ಮ

ಬೈಸಿಕಲ್ ಸವಾರಿಗೂ ಧರ್ಮಜಿಜ್ಞಾಸೆಗೂ ಏನು ಸಂಬಂಧವೆಂದು ವಾಚಕ ಮಹಾಶಯರು ಕೇಳಬಹುದು. ಕೆಲವು ವರ್ಷಗಳ ಹಿಂದಾಗಿದ್ದರೆ ನಾನೂ ಹಾಗೆಯೇ ಕೇಳುತ್ತಿದ್ದೆನು. ಪಾಠಶಾಲೆಯಲ್ಲಿ ತರ್ಕ ವ್ಯಾಕರಣಗಳನ್ನು ಓದಿ, ಮೂವತ್ತಕ್ಕೆ ಮೇಲ್ಪಟ್ಟು ವರ್ಷ ಹುಡುಗರಿಗೆ ಪಾಠ ಹೇಳಿ, ನಿವೃತ್ತನಾದ ಮೇಲೆ ಕಾಲಿಗೆ ಕೊಂಚ ವ್ಯಾಯಾಮವಿರಲೆಂದು ಸೈಕಲ್ಲು ಹಿಡಿದವನು ನಾನು. ಅದರ ಮೇಲೆ ಕುಳಿತು ತಿಳಿದುಕೊಂಡ ಒಂದು ಸಂಗತಿಯನ್ನು, ನನ್ನದೊಂದು ಅಪರಾಧದ ಸಮೇತ, ಇಲ್ಲಿ ನಿವೇದಿಸುತ್ತೇನೆ.

ನಾವು ಆರು ಮಂದಿ ಮಿತ್ರರು. ತಿಂಗಳಿಗೊಂದು ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಪಾಂಡವಪುರದಿಂದ ಹೊರಟು, ದೊಡ್ಡ ರಸ್ತೆಯನ್ನು ಬಿಟ್ಟು ಹಳ್ಳಿಯ ದಾರಿಗಳಲ್ಲಿ ಸಾವಧಾನವಾಗಿ ಸುತ್ತಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರುವುದು ನಮ್ಮ ಪದ್ಧತಿ. ಇದರಲ್ಲಿ ಪಂದ್ಯವಿಲ್ಲ, ಪಣವಿಲ್ಲ. ಗಂಟೆಗೆ 12 ಕಿಲೋಮೀಟರಿಗಿಂತ ಬೇಗ ಹೋದರೆ ನಮ್ಮ ವಯಸ್ಸಿನವರಿಗೆ ಮಾತನಾಡಲು ಉಸಿರು ಉಳಿಯುವುದಿಲ್ಲ. ಮಾತಿಲ್ಲದೆ ಹೋಗುವುದಾದರೆ ಆರು ಮಂದಿ ಏಕೆ ಬೇಕು, ಒಬ್ಬನೇ ಸಾಲದೆ?

ಮೂರು ವರ್ಷಗಳ ಹಿಂದಿನ ಧನುರ್ಮಾಸದಲ್ಲಿ ತೊಣ್ಣೂರಿಗೆ ಹೋಗುವುದೆಂದು ನಿಶ್ಚಯವಾಯಿತು. ದೂರವೇನೂ ಹೆಚ್ಚಿಲ್ಲ, ಸುಮಾರು 10 ಕಿಲೋಮೀಟರ್. ಆದರೆ ನಾವು ನೇರವಾಗಿ ಹೋಗುವವರಲ್ಲ. ಕುಂತಿಬೆಟ್ಟವು ಮಂಜಿನಲ್ಲಿ ಅರ್ಧ ಮುಳುಗಿ ಹಿಂದೆ ಉಳಿಯಿತು. ನಾಲೆಯ ಏರಿಯ ಮೇಲೆ ಸ್ವಲ್ಪ ದೂರ, ಆಮೇಲೆ ಕಬ್ಬಿನ ಗದ್ದೆಗಳ ನಡುವೆ ಗಾಡಿಜಾಡು. ಎರಡು ಕಡೆಯೂ ಆಳೆತ್ತರಕ್ಕೆ ಮೀರಿದ ಕಬ್ಬು ನಿಂತಿರುವಾಗ ದಾರಿಯು ಬಾಗಿಲಿಲ್ಲದ ಓಣಿಯಂತಾಗುತ್ತದೆ. ಮುಂದೆ ಹೋಗುವವನು ತಿರುವಿನಲ್ಲಿ ಮರೆಯಾದರೆ ಅವನ ಮಾತಷ್ಟೇ ಕೇಳಿಸುವುದು. ಒಂದು ಆಲೆಮನೆಯ ಹತ್ತಿರ ಇಳಿದು ಕಬ್ಬಿನ ಹಾಲು ಕುಡಿದೆವು. ಕೊಪ್ಪರಿಗೆಯಲ್ಲಿ ಪಾಕ ಕುದಿಯುವ ವಾಸನೆಯನ್ನು ಆ ಚಳಿಯಲ್ಲಿ ನಿಂತು ಅನುಭವಿಸಿದವರಿಗೆ ಅದನ್ನು ವರ್ಣಿಸಿ ಹೇಳಬೇಕಾಗಿಲ್ಲ, ಅನುಭವಿಸದವರಿಗೆ ವರ್ಣಿಸಿ ಫಲವಿಲ್ಲ.

ನಮ್ಮಲ್ಲಿ ಅಂಚೆಯ ಕಚೇರಿಯಿಂದ ನಿವೃತ್ತರಾದ ಮಿತ್ರರೊಬ್ಬರಿದ್ದಾರೆ. ಆ ವರ್ಷದ ಮಳೆಗಾಲದಲ್ಲಿ ಅವರಿಗೆ ಚಿಕುನ್‌ಗುನ್ಯ ಜ್ವರ ಬಂದಿತ್ತು. ಆ ಜ್ವರವು ಕೆಲವು ದಿನಗಳಲ್ಲಿ ಬಿಟ್ಟರೂ ಕೀಲುನೋವು ಎಷ್ಟೋ ಮಂದಿಯನ್ನು ತಿಂಗಳುಗಟ್ಟಲೆ ಬಿಡುವುದಿಲ್ಲ. ಇದು ನಮಗೆಲ್ಲ ತಿಳಿದ ವಿಷಯ. ತಿಳಿದಿದ್ದೂ ಅಂದು ಮರೆತಿದ್ದೆವು. ಆಲೆಮನೆ ದಾಟಿದ ಮೇಲೆ ಅವರು ಹಿಂದೆ ಬಿದ್ದರು. ನಾವು ಮುಂದೆ ಒಂದು ಹೊಂಗೆಮರದ ನೆರಳಲ್ಲಿ ಕಾದೆವು. ಬಂದವರು, "ಚೈನು ಕಳಚಿತ್ತು ಮೇಷ್ಟ್ರೆ, ಹಾಕಿಕೊಂಡು ಬಂದೆ" ಎಂದರು. ಇನ್ನೊಂದು ಸಲ ಹಿಂದೆ ಬಿದ್ದರು, ಆಗಲೂ ಚೈನು. ಮೂರನೆಯ ಸಲ ಕೆರೆಯ ಏರಿಯ ಮೇಲೆ ಕಾದು ಕುಳಿತಿದ್ದಾಗ ಮತ್ತೆ ಅದೇ ಮಾತು. ನಾನು ಅವರ ಕೈಗಳನ್ನು ನೋಡಿದೆನು. ಸೈಕಲ್ಲಿನ ಚೈನು ಮುಟ್ಟಿದವನ ಬೆರಳಿನ ಮಸಿ ಸೋಪು ಹಾಕಿ ಉಜ್ಜಿದರೂ ಬೇಗ ಹೋಗುವುದಿಲ್ಲ. ಅವರ ಕೈಗಳು ಪೂಜೆಗೆ ಕುಳಿತವರ ಕೈಗಳಂತೆ ಶುಭ್ರವಾಗಿದ್ದವು.

ಅಷ್ಟಕ್ಕೆ ಸುಮ್ಮನಿರಬಹುದಾಗಿತ್ತು. ಪಾಠಶಾಲೆಯ ತರ್ಕವು ಸುಮ್ಮನಿರಗೊಡಲಿಲ್ಲ. "ಚೈನು ಕಳಚಿತೆಂಬ ಪ್ರತಿಜ್ಞೆಯೇನೋ ಸರಿ ಸ್ವಾಮಿ, ಕೈಯಲ್ಲಿ ಹೇತುವೇ ಕಾಣುವುದಿಲ್ಲವಲ್ಲ!" ಎಂದು ಎಲ್ಲರೂ ಕೇಳುವಂತೆ ಹೇಳಿದೆನು. ಎಲ್ಲರೂ ನಕ್ಕರು. ಅವರೂ ನಕ್ಕರು. ದೇವಸ್ಥಾನದಲ್ಲಿ ದರ್ಶನವಾಯಿತು, ಹುಗ್ಗಿಯ ಪ್ರಸಾದವಾಯಿತು. ನಾಸಿರ್ ಜಂಗನು ಮೆಚ್ಚಿ ಮೋತಿ ತಲಾಬ್ ಎಂದು ಹೆಸರಿಟ್ಟ ಆ ತಿಳಿನೀರಿನ ದಡದಲ್ಲಿ ಒಂದು ಗಂಟೆ ಹರಟೆಯೂ ಆಯಿತು. ಮುಂದಿನ ತಿಂಗಳು ಅವರು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಸೈಕಲ್ಲನ್ನು ಮೊಮ್ಮಗನಿಗೆ ಕೊಟ್ಟುಬಿಟ್ಟರೆಂದು ಯಾರೋ ಹೇಳಿದರು.

ನಾನು ಹೇಳಿದ್ದು ಸತ್ಯ, ಅವರು ಹೇಳಿದ್ದು ಸುಳ್ಳು. ಆದರೂ ರಾತ್ರಿ ನಿದ್ರೆ ಕೆಟ್ಟದ್ದು ನನಗೆ. ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂಬ ಸ್ಮೃತಿವಚನವನ್ನು ನೂರಾರು ಹುಡುಗರಿಂದ ಕಂಠಪಾಠ ಮಾಡಿಸಿದವನು ನಾನು. ಆದರೆ ನನ್ನನ್ನು ಬಾಧಿಸಿದ್ದು ಅದೊಂದೇ ಅಲ್ಲ. ನಮ್ಮ ಗುಂಪಿನ ವೈದ್ಯರು, "ಅಶಕ್ತಿಯಿದ್ದರೆ ಬಾಯಿಬಿಟ್ಟು ಹೇಳಬೇಕಾಗಿತ್ತು. ಹೇಳಿದ್ದರೆ ನಾವೇನು ನಿಧಾನ ಮಾಡುತ್ತಿರಲಿಲ್ಲವೇ?" ಎಂದು ವಾದಿಸಿದರು. ವಾದವು ಮೇಲ್ನೋಟಕ್ಕೆ ಸರಿಯಾಗಿದೆ. ಆದರೆ ಸತ್ಯವನ್ನು ಹೇಳುವುದಕ್ಕೆ ಎಲ್ಲರಿಗೂ ಒಂದೇ ಬೆಲೆ ತಗಲುವುದಿಲ್ಲ. ನನಗೆ ಅಂದು ಸತ್ಯವು ಪುಕ್ಕಟೆಯಾಗಿ ಸಿಕ್ಕಿತು, ಮೇಲೆ ನಗೆಯ ಲಾಭವೂ ಬಂದಿತು. ಅವರು ಅದೇ ಸತ್ಯವನ್ನು ಹೇಳಬೇಕಾಗಿದ್ದರೆ, ನೆರಳಿನಲ್ಲಿ ಬೆವರು ಆರಿಸಿಕೊಂಡು ನಿಂತ ಐವರ ಮುಂದೆ, ಒಂದೇ ಬೆಳಗ್ಗೆ ಮೂರು ಸಲ, ತಾನು ಮುದಿಯಾದೆನೆಂದು ಒಪ್ಪಿಕೊಳ್ಳಬೇಕಾಗಿತ್ತು.

ಇನ್ನು ನಾವು ಕಾದೆವೆಂಬ ಉಪಕಾರದ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಮೂರು ಕಡೆ ಹತ್ತು ಹತ್ತು ನಿಮಿಷ ಕಾದೆವೆಂದಿಟ್ಟುಕೊಳ್ಳಿ. ಅಷ್ಟರಲ್ಲಿ ನಮಗೆ ಅರ್ಧ ಗಂಟೆಯ ವಿಶ್ರಾಂತಿ ದೊರೆಯಿತು. ಅವರು ಬಂದು ಕಾಲೂರಿದೊಡನೆಯೇ "ಸರಿ, ಹೊರಡೋಣ" ಎಂದು ನಾವು ಸೀಟು ಹತ್ತಿದೆವು. ವಿಶ್ರಾಂತಿ ಬೇಕಾಗಿಲ್ಲದವರಿಗೆ ಅರ್ಧ ಗಂಟೆ, ಬೇಕಾದವರಿಗೆ ಅರ್ಧ ನಿಮಿಷವೂ ಇಲ್ಲ! ಹೀಗಿದ್ದೂ ಕಾದ ಪುಣ್ಯವೆಲ್ಲ ನಮ್ಮ ಖಾತೆಗೆ, ಕಾಯಿಸಿದ ಋಣವೆಲ್ಲ ಅವರ ಖಾತೆಗೆ. ಇಷ್ಟೇ ಅಲ್ಲ. ಒಟ್ಟಾಗಿ ಹೋಗುವಾಗ ಮುಂದಿನವನು ಗಾಳಿಯನ್ನು ಸೀಳುವುದರಿಂದ ಬೆನ್ನ ಹಿಂದಿರುವವನಿಗೆ ಶ್ರಮ ಕಡಮೆ. ನಮ್ಮ ಮಂದಗತಿಯಲ್ಲಿ ಇದು ಅಲ್ಪವಾದರೂ, ಬಯಲಿನಲ್ಲಿ ಎದುರುಗಾಳಿ ಬೀಸುವಾಗ ಚೆನ್ನಾಗಿ ತಿಳಿಯುತ್ತದೆ. ಗುಂಪಿನಿಂದ ಒಮ್ಮೆ ಕಳಚಿದವನಿಗೆ ಆ ಮರೆಯೂ ಇಲ್ಲ. ಹಿಂದೆ ಬಿದ್ದದ್ದರಿಂದಲೇ ಅವನು ಇನ್ನಷ್ಟು ಹಿಂದೆ ಬೀಳುತ್ತಾನೆ.

ವಾಹನದ ದೋಷವೂ ಸ್ವಲ್ಪ ಉಂಟು. ಹಿಂದಿನವರು ಗಾಡಿ ಕಟ್ಟಿಕೊಂಡು ಮೇಲುಕೋಟೆಯ ಜಾತ್ರೆಗೆ ಹೋಗುತ್ತಿದ್ದಾಗ ಗಾಡಿಯೊಳಗಿನವರು ಎದುರುಬದುರಾಗಿ ಕುಳಿತಿರುತ್ತಿದ್ದರು. ಇಕ್ಕಟ್ಟಾದ ದಾರಿಯಲ್ಲಿ ಮುಂದಿನ ಎತ್ತಿನ ನಡಿಗೆಯೇ ಎಲ್ಲರ ನಡಿಗೆ. 1885ರಲ್ಲಿ ಇಂಗ್ಲೆಂಡಿನಲ್ಲಿ ಸ್ಟಾರ್ಲಿ ಎಂಬಾತನು ಹೆಚ್ಚುಕಡಮೆ ಸಮನಾದ ಎರಡು ಚಕ್ರಗಳ, ಚೈನಿನಿಂದ ನಡೆಯುವ ರೋವರ್ ಸೈಕಲ್ಲನ್ನು ಹೊರತಂದನು. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟೈರನ್ನು ಕೂಡಿಸಿದನು. ಅಂದಿನಿಂದ ಸಾಮಾನ್ಯನೊಬ್ಬನು ಯಾರನ್ನೂ ಕೇಳದೆ ತನ್ನ ಕಾಲಿನ ಬಲದಿಂದ ತನ್ನ ವೇಗದಲ್ಲಿ ಹೋಗಬಲ್ಲವನಾದನು. ಈ ಸ್ವಾತಂತ್ರ್ಯ ದೊಡ್ಡದು. ಆದರೆ ಅದರ ಮೇಲೆ ಕುಳಿತು ಹಿಂದಕ್ಕೆ ಕತ್ತು ಹೊರಳಿಸಿದರೆ ಹ್ಯಾಂಡಲ್ಲೂ ಹೊರಳುತ್ತದೆ. ಆದುದರಿಂದ ಮುಂದೆ ಹೋಗುವವನಿಗೆ ಹಿಂದಿನವನ ಕಷ್ಟವು ತಾನಾಗಿ ಕಾಣುವುದಿಲ್ಲ. ಕಾಣಲಿಲ್ಲವೆಂಬುದನ್ನೇ ಅವನು ಸಮಾಧಾನವಾಗಿ ಮಾಡಿಕೊಳ್ಳಬಹುದೇ? ನಾನು ಬಹಳ ದಿನ ಮಾಡಿಕೊಂಡಿದ್ದೆನು.

ಮಹಾಪ್ರಸ್ಥಾನದಲ್ಲಿ ಯುಧಿಷ್ಠಿರನು ಹಿಂದಿರುಗಿ ನೋಡಲಿಲ್ಲ. ದ್ರೌಪದಿ ಬಿದ್ದಳು, ಸಹದೇವ ನಕುಲರು ಬಿದ್ದರು, ಅರ್ಜುನನು ಬಿದ್ದನು, ಕಡೆಗೆ ಕೇಳುತ್ತಿದ್ದ ಭೀಮನೂ ಬಿದ್ದನು. ಒಬ್ಬೊಬ್ಬರ ದೋಷವನ್ನು ಹೇಳಿ ಆತನು ನಡೆದೇ ನಡೆದನು. ಹೇಳಿದ ದೋಷಗಳೆಲ್ಲ ನಿಜವೇ ಇರಬಹುದು. ಹಾಗೆ ನಡೆದವನೇ ಜೊತೆಗೆ ಬಂದ ನಾಯಿಯನ್ನು ಬಿಟ್ಟು ಇಂದ್ರನ ರಥವನ್ನು ಹತ್ತಲೊಲ್ಲೆನೆಂದನು. ಮುಂದೆ ಸ್ವರ್ಗಾರೋಹಣ ಪರ್ವದಲ್ಲಿ ತಮ್ಮಂದಿರ ದನಿಯನ್ನು ಕೇಳಿ ನರಕದಲ್ಲಿಯೇ ನಿಲ್ಲುವೆನೆಂದನು. ದೊಡ್ಡವರು ಇದಕ್ಕೆ ಬೇರೆ ಸಮಾಧಾನಗಳನ್ನು ಹೇಳಿದ್ದಾರೆ. ನನಗೆ ಮಾತ್ರ, ಬೆಟ್ಟದ ದಾರಿಯಲ್ಲಿ ನಿಲ್ಲದೆ ಹೋದದ್ದನ್ನೇ ಆತನು ಆಮೇಲೆ ಎರಡು ಸಲ ನಿಂತು ತೀರಿಸಿದನೆಂದು ತೋರುತ್ತದೆ. ಪಾಣಿನಿಯು ಸ್ನೇಹಕ್ಕೆ ಸಾಪ್ತಪದೀನವೆಂಬ ಶಬ್ದವನ್ನು ಸಾಧಿಸಿದ್ದಾನೆ. ಏಳು ಹೆಜ್ಜೆ ಕೂಡಿ ನಡೆದದ್ದರಿಂದ ಉಂಟಾದದ್ದೆಂದು ಅರ್ಥ. ಒಬ್ಬನು ಏಳನೆಯದರಲ್ಲಿಯೂ ಇನ್ನೊಬ್ಬನು ನಾಲ್ಕನೆಯದರಲ್ಲಿಯೂ ಇದ್ದರೆ ಆ ಶಬ್ದವು ಸಿದ್ಧಿಸುವ ಬಗೆ ನನ್ನ ವ್ಯಾಕರಣಕ್ಕೆ ತಿಳಿಯದು.

ಯುಗಾದಿಯ ನೆಪದಿಂದ ಅವರ ಮನೆಗೆ ಹೋದೆನು. ಬೇವುಬೆಲ್ಲ ಕೊಟ್ಟರು, ಕಾಫಿ ಕೊಟ್ಟರು. ತೊಣ್ಣೂರಿನ ಮಾತನ್ನು ನಾನು ಎತ್ತಿದಾಗ, "ಬಿಡಿ ಮೇಷ್ಟ್ರೆ, ಅದೇನು ದೊಡ್ಡದು" ಎಂದು ಎದ್ದು ಒಳಗೆ ಹೋಗಿ ಲೋಟ ಇಟ್ಟು ಬಂದರು. ಹಾಗೆ ಹೋಗಿ ಬರುವಷ್ಟು ಹೊತ್ತು ಅವರಿಗೆ ಬೇಕಾಗಿತ್ತೆಂದು ತಿಳಿದುಕೊಂಡೆನು. ಮುಂದಿನ ಭಾನುವಾರ ನೀವೇ ಮುಂದೆ ಹೋಗಬೇಕು, ನಾವು ನಿಮ್ಮ ಹಿಂದೆ ಬರುತ್ತೇವೆ ಎಂದು ಕೇಳಿಕೊಂಡೆನು. ಜಾಣತನದ ಉಪಾಯವೆಂದು ಆಗ ಎಣಿಸಿದ್ದೆನು. ಅದೂ ಸರಿಹೋಗಲಿಲ್ಲ. ಐದು ಸೈಕಲ್ಲುಗಳು ಬೆನ್ನ ಹಿಂದೆ ಬರುತ್ತಿವೆಯೆಂಬ ಸಂಕೋಚದಿಂದ ಅವರು ಶಕ್ತಿ ಮೀರಿ ತುಳಿದು ಇನ್ನಷ್ಟು ದಣಿದರು. ಈಗ ಯಾರು ಎಲ್ಲಿ ಹೋಗಬೇಕೆಂಬ ಕ್ರಮವೇ ಇಲ್ಲ. ಒಂದು ನಿಯಮ ಮಾತ್ರ ಇದೆ: ಎಲ್ಲಿ ನಿಂತರೂ ಕಡೆಯವರು ಬಂದು ಇಳಿದು ನೀರು ಕುಡಿದ ಮೇಲೆಯೇ ವಿಶ್ರಾಂತಿಯ ಹೊತ್ತು ಆರಂಭವಾದಂತೆ. ವೈದ್ಯರು ಇದರಿಂದ ಊಟಕ್ಕೆ ತಡವಾಗುತ್ತದೆಂದು ಗೊಣಗುತ್ತಾರೆ, ತಡವಾಗುವುದೂ ನಿಜ.

ಕಳೆದ ಧನುರ್ಮಾಸದಲ್ಲಿ ಮತ್ತೆ ತೊಣ್ಣೂರಿಗೆ ಹೋಗಿದ್ದೆವು. ಏರಿಯ ಮೇಲೆ ಐವರು ಕುಳಿತಿದ್ದೆವು. ಅವರು ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ಅವರು ಮಾತ್ರ ದೂರದಿಂದಲೇ ಸೈಕಲ್ಲನ್ನು ಸೊಂಟಕ್ಕೆ ಒರಗಿಸಿ, ಮೊಣಕೈವರೆಗೆ ಮಸಿಯಾಗಿದ್ದ ಎರಡು ಕೈಗಳನ್ನೂ ನನ್ನ ಕಡೆಗೆ ಎತ್ತಿ ತೋರಿಸಿದರು.