ಹಿನ್ನೆಲೆಯ ಮಸುಕು

ಮೊಬೈಲಿನಲ್ಲಿ ಯಾರಿಗಾದರೂ ಹಣ ಕಳಿಸಹೊರಟರೆ, ‘ಖಚಿತವೇ?’ ಎಂದು ಕೇಳುವ ಪುಟ್ಟ ಚೌಕವೊಂದು ಎದುರಿಗೆ ಬರುವುದುಂಟು. ಆಗ ಹಿಂದಿನ ಪರದೆಯೆಲ್ಲ ಮಂಜು ಹಿಡಿದ ಗಾಜಿನಂತೆ ಮಸುಕಾಗುತ್ತದೆ. ಆಪಲ್ ಕಂಪನಿ 2013ರಲ್ಲಿ ಐಓಎಸ್ 7 ತಂದಾಗ ಈ ಮಸುಕನ್ನು ಧಾರಾಳವಾಗಿ ಬಳಸಿತು. 2021ರ ಆಂಡ್ರಾಯ್ಡ್ 12ರಲ್ಲೂ ಅದಕ್ಕೆ ಅನುಕೂಲ ಬಂತು.

ಇದರ ಒಳಗುಟ್ಟು ಸರಳ. ಪರದೆಯ ಪ್ರತಿ ಚುಕ್ಕೆಯ ಬಣ್ಣವನ್ನೂ ನೆರೆಯ ಚುಕ್ಕೆಗಳ ಬಣ್ಣದೊಡನೆ ಸೇರಿಸಿ ಸರಾಸರಿ ತೆಗೆಯುತ್ತಾರೆ. ಹತ್ತಿರದ್ದಕ್ಕೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ. ಈ ಬಗೆಯ ಮಸುಕಿಗೆ ಜರ್ಮನಿಯ ಗಣಿತಜ್ಞ ಗೌಸ್‌ನ ಹೆಸರಿದೆ. ಅಂಚುಗಳು ಕರಗುತ್ತವೆ, ಬಣ್ಣ ಉಳಿಯುತ್ತದೆ. ಅಕ್ಷರ ಓದಲಾಗದಿದ್ದರೂ ಅಲ್ಲೇನೋ ಇದೆಯೆಂಬುದು ತಿಳಿಯುತ್ತದೆ.

ನನಗೆ ಹಿಡಿಸಿದ್ದು ಈ ಕೊನೆಯ ಗುಣ. ಒಂದನ್ನು ಗಮನವಿಟ್ಟು ನೋಡುವುದೆಂದರೆ ಉಳಿದುದನ್ನು ಸ್ವಲ್ಪ ಹೊತ್ತು ಬಿಡುವುದೇ. ತರಗತಿಯಲ್ಲಿ ಒಬ್ಬ ಹುಡುಗನ ಲೆಕ್ಕ ತಿದ್ದುವಾಗ ಮಿಕ್ಕ ನಲವತ್ತು ಮುಖಗಳು ಮಸುಕಾಗದಿದ್ದರೆ ಅವನಿಗೆ ಟೀಚರು ದಕ್ಕುವುದಿಲ್ಲ. ಆದರೆ ಮಸುಕಾದವರು ಇಲ್ಲದವರಲ್ಲ. ತಲೆಯೆತ್ತಿದೊಡನೆ ಅವರು ಮತ್ತೆ ಸ್ಪಷ್ಟವಾಗಬೇಕು. ಹಿಂದಿನ ಬೆಂಚಿನವರು ವರ್ಷವಿಡೀ ಮಸುಕಾಗಿಯೇ ಉಳಿದರೆ ಅದು ಏಕಾಗ್ರತೆಯಲ್ಲ, ಅಲಕ್ಷ್ಯ.

ಹಾಗಾದರೆ ಮಸುಕು ಮಾಡುವ ಅಧಿಕಾರ ಯಾರದು, ತೆಗೆಯುವ ಅಧಿಕಾರ ಯಾರದು? ಹಣ ಕಳಿಸುವವರನ್ನು ಒಂದು ಗಳಿಗೆ ತಡೆದು ಯೋಚಿಸಲು ಬಿಡುವ ಮಸುಕು ಉಪಕಾರಿ. ನಾವು ಓದುತ್ತಿದ್ದುದನ್ನು ಮಬ್ಬಾಗಿಸಿ, ‘ಒಪ್ಪುತ್ತೇನೆ’ ಎಂಬ ಗುಂಡಿಯನ್ನಷ್ಟೇ ಹೊಳೆಯಿಸಿ, ‘ಬೇಡ’ ಎಂಬುದನ್ನು ಮೂಲೆಯಲ್ಲಿ ಅಡಗಿಸುವ ಮಸುಕು ಅಪಕಾರಿ. ಎರಡರ ಗಣಿತವೂ ಒಂದೇ, ನಿಯತ್ತು ಬೇರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಇಂಥ ಕಪಟ ವಿನ್ಯಾಸಗಳ 13 ಬಗೆಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿತು. ಒಂದು ಗುಂಡಿಯನ್ನು ಮೆರೆಸಿ ಇನ್ನೊಂದನ್ನು ಮರೆಸುವುದೂ ಅವುಗಳಲ್ಲಿ ಸೇರಿದೆ.

ಕಾನೂನು ಬೇಕು, ನಿಜ. ಆದರೆ ಪರದೆಯ ಮುಂದೆ ಕುಳಿತು ಅದನ್ನು ರೂಪಿಸುವ ಹುಡುಗ ಹುಡುಗಿಯರ ಕೈಯಲ್ಲಿ ಅದಕ್ಕೂ ಮೊದಲಿನ ತೀರ್ಮಾನವಿದೆ. ಐಫೋನಿನಲ್ಲಿ ಈ ಅರೆಪಾರದರ್ಶಕತೆಯನ್ನು ತಗ್ಗಿಸಿಕೊಳ್ಳುವ ಸೌಲಭ್ಯವಿದೆ. ಮಬ್ಬಿನ ಮೇಲಿನ ಅಕ್ಷರ ಓದಲು ಕಷ್ಟಪಡುವವರಿಗೆ ಅದು ದೊಡ್ಡ ಉಪಕಾರ. ಅದನ್ನಿಟ್ಟವರು ಬಳಸುವವರನ್ನು ನೆನೆದಿದ್ದಾರೆ. ಬೇರೊಬ್ಬರ ಕಣ್ಣಿಗೆ ತೆರೆ ಎಳೆಯುವವರು, ಅದನ್ನು ಸರಿಸುವ ದಾರವನ್ನು ಅವರ ಕೈಗೆಟುಕುವಂತೆ ಇಳಿಬಿಡಬೇಕು. ಅಷ್ಟು ಮರ್ಯಾದೆಯಿದ್ದರೆ ಮಸುಕೂ ಚೆಂದವೇ.