ಚನ್ನಗಿರಿಯ ಮಂಚ ಮತ್ತು ಅಭಾವದ ಪ್ರಶ್ನೆ

ತಿಗಣೆ ಇದೆ ಎನ್ನಲು ಒಂದು ತಿಗಣೆ ಸಾಕು. ಇಲ್ಲ ಎನ್ನಲು ಏನು ಬೇಕು? ಚನ್ನಗಿರಿಯಿಂದ ನನ್ನ ನಾದಿನಿ ಫೋನು ಮಾಡಿದಾಗಲೆಲ್ಲ ಕೇಳುತ್ತಿದ್ದುದು ಇದೊಂದನ್ನೇ: “ಅತ್ತಿಗೆ, ಅವು ಹೋದ್ವೋ ಇನ್ನೂ ಇದಾವೋ?” ಹೊನ್ನಾಳಿಯಲ್ಲಿ ಕೂತು ಅವಳ ಮಂಚದ ಸಂದುಗೊಂದಿನ ಬಗ್ಗೆ ನಾನು ಏನು ಹೇಳಲಿ? ಆದರೂ ಕೇಳುತ್ತಾಳೆ. ನಾನು ನ್ಯಾಮತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಮ್ಮ ಕಡೆ ಟೀಚರ್ ಆದವರಿಗೆ ಹುಳಹುಪ್ಪಟೆಯಿಂದ ಹಿಡಿದು ವಾಸ್ತುವಿನ ತನಕ ಎಲ್ಲ ಗೊತ್ತಿರಬೇಕು.

ಅವಳ ಮನೆಗೆ ತಿಗಣೆ ಬಂದದ್ದು ಮಗನ ಹಾಸ್ಟೆಲಿನ ಟ್ರಂಕು, ಹಾಸಿಗೆ ಸುರುಳಿಯ ಜೊತೆ. ದಾವಣಗೆರೆಯಿಂದ ಔಷಧಿ ಹೊಡೆಯುವವನನ್ನು ಕರೆಸಿದರು. ಹೊಡೆದ, ಎರಡು ವಾರ ಬಿಟ್ಟು ಬಂದು ಮತ್ತೊಮ್ಮೆ ಹೊಡೆದ. ಪೂರ್ತಿ ಹೋದವೇನಪ್ಪಾ ಅಂತ ಕೇಳಿದ್ದಕ್ಕೆ “ಇನ್ನು ನಿಮ್ಮ ಕಣ್ಣಿಗೆ ಬೀಳಲ್ಲ ಬಿಡ್ರಿ ಅಕ್ಕಾ” ಎಂದು ಪಂಪು ಹೆಗಲಿಗೇರಿಸಿಕೊಂಡು ಹೋದನಂತೆ. ನಾದಿನಿಯ ನಿದ್ದೆ ಕೆಡಿಸಿದ್ದು ಈ ಮಾತು. ಕಣ್ಣಿಗೆ ಬೀಳಲ್ಲ ಅಂದರೆ ಇಲ್ಲ ಅಂತಲೋ, ಇನ್ನೂ ಜೋರಾಗಿ ಅಡಗಿಕೊಂಡಿರ್ತವೆ ಅಂತಲೋ?

ಅವಳಿಗೆ ಗೊತ್ತಿಲ್ಲದೆಯೇ ಅವಳು ಕೇಳಿದ್ದು ನಮ್ಮ ಅಪ್ಪ ಜಗಳೂರಿನ ಮನೆಯ ಜಗಲಿಯ ಮೇಲೆ ಕೂತು ಪಾಠ ಹೇಳುತ್ತಿದ್ದ ಪ್ರಶ್ನೆ. ಅಪ್ಪ ಸಂಸ್ಕೃತ ಪಂಡಿತರು. ಅನ್ನಂಭಟ್ಟನ ತರ್ಕಸಂಗ್ರಹ ಅವರಿಗೆ ಬಾಯಿಪಾಠ. ಅದರಲ್ಲಿ ಏಳು ಪದಾರ್ಥಗಳು, ಕೊನೆಯದು ಅಭಾವ. ‘ನೆಲದ ಮೇಲೆ ಗಡಿಗೆ ಇಲ್ಲ’ ಎಂಬುದು ಶಾಸ್ತ್ರದಲ್ಲಿ ಎಲ್ಲರೂ ಕೊಡುವ ಉದಾಹರಣೆ. ಗಡಿಗೆ ಇಲ್ಲದಿದ್ದರೆ ಇಲ್ಲ, ಇದಕ್ಕೆ ಜಗಳವೇನು ಎಂದು ನನಗೆ ಚಿಕ್ಕಂದಿನಲ್ಲಿ ಅನ್ನಿಸುತ್ತಿತ್ತು. ಆದರೆ ಶತಮಾನಗಟ್ಟಲೆ ಜಗಳ ಆಡಿದ್ದಾರೆ. ಗಡಿಗೆಯ ಅಭಾವವನ್ನು ಕಣ್ಣೇ ಕಾಣುತ್ತದೆ ಎನ್ನುತ್ತಾರೆ ನೈಯಾಯಿಕರು. ಕಣ್ಣು ಕಾಣುವುದು ನೆಲವನ್ನು ಮಾತ್ರ, ಗಡಿಗೆ ಇಲ್ಲವೆಂದು ತಿಳಿಯುವುದು ಅದು ಸಿಗದೇ ಹೋದದ್ದರಿಂದ, ಆದ್ದರಿಂದ ಅನುಪಲಬ್ಧಿ ಎಂಬುದೇ ಒಂದು ಬೇರೆ ಪ್ರಮಾಣ, ಎಂದರೆ ತಿಳಿಯುವ ಬೇರೆಯೇ ದಾರಿ, ಎನ್ನುತ್ತಾರೆ ಕುಮಾರಿಲ ಭಟ್ಟರ ಕಡೆಯ ಮೀಮಾಂಸಕರು. ಅದ್ವೈತಿಗಳೂ ಇದನ್ನು ಆರನೆಯ ಪ್ರಮಾಣವಾಗಿ ಒಪ್ಪಿಕೊಂಡರು. ಮೀಮಾಂಸಕರಲ್ಲೇ ಇನ್ನೊಂದು ಪಕ್ಷದವರಾದ ಪ್ರಾಭಾಕರರು ಮಾತ್ರ, ಬರಿಯ ನೆಲವಿದೆಯಲ್ಲ, ಅದಕ್ಕಿಂತ ಬೇರೆ ಅಭಾವವೆಂಬ ವಸ್ತು ಯಾಕೆ ಎಂದು ಕೈತೊಳೆದುಕೊಂಡರು.

ಅಪ್ಪ ನ್ಯಾಯದ ಪಕ್ಷ. ನನಗೆ ಭಾಟ್ಟರೇ ಹಿಡಿಸಿದ್ದು, ಅವರು ಹಾಕಿದ ಒಂದು ಷರತ್ತಿಗಾಗಿ. ಸಿಗಲಿಲ್ಲ ಎಂಬುದೆಲ್ಲ ಪ್ರಮಾಣವಲ್ಲ. ಇದ್ದಿದ್ದರೆ ಖಂಡಿತ ಸಿಗುತ್ತಿತ್ತು ಎನ್ನುವಂಥ ಸಂದರ್ಭದಲ್ಲಿ ಸಿಗದಿದ್ದರೆ ಮಾತ್ರ ಅದು ಇಲ್ಲವೆಂಬುದಕ್ಕೆ ಪ್ರಮಾಣ; ಯೋಗ್ಯಾನುಪಲಬ್ಧಿ ಎಂದು ಅದರ ಹೆಸರು. ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲ ಎಂದರೆ ಏನೂ ತಿಳಿದಂತಾಗಲಿಲ್ಲ. ಕಂಬದ ಹತ್ತಿರ ಪಿಶಾಚಿ ಕಾಣಲಿಲ್ಲ ಎಂದರೂ ಅಷ್ಟೇ, ಪಿಶಾಚಿ ಕಾಣುವ ಜಾತಿಯೇ ಅಲ್ಲವಲ್ಲ. ತಿಗಣೆಯ ತೊಂದರೆ ಏನೆಂದರೆ ಅದು ಗಡಿಗೆಗೂ ಪಿಶಾಚಿಗೂ ನಡುವೆ ಎಲ್ಲೋ ಇದೆ.

ವಿಜ್ಞಾನದ ಟೀಚರಾಗಿ ಹೇಳುತ್ತೇನೆ. ಬೆಳೆದ ತಿಗಣೆ ಬರಿಗಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಮೊಟ್ಟೆ ಮಾತ್ರ ಹೆಚ್ಚುಕಡಿಮೆ ಒಂದು ಮಿಲಿಮೀಟರು, ಬಿಳಿ, ಮರದ ಬಿರುಕಿಗೆ ಅಂಟಿಕೊಂಡಿರುತ್ತದೆ. ಸಾಮಾನ್ಯವಾಗಿ ಹೊಡೆಯುವ ಔಷಧಿಗೆ ಮೊಟ್ಟೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಸೆಕೆಗಾಲದಲ್ಲಿ ವಾರ, ಹತ್ತು ದಿನಕ್ಕೆ ಒಡೆದು ಮರಿ ಬರುತ್ತದೆ. ಎರಡು ವಾರ ಬಿಟ್ಟು ಮತ್ತೆ ಹೊಡೆಯುವುದು ಅದಕ್ಕೇ. ಮರಿ ದೊಡ್ಡದಾಗಲು ಐದು ಸಲ ಪೊರೆ ಬಿಡಬೇಕು, ಪ್ರತಿ ಸಲಕ್ಕೂ ಹೊಟ್ಟೆ ತುಂಬ ರಕ್ತ ಬೇಕು. ರಕ್ತ ಸಿಗದಿದ್ದರೆ ಸುಮ್ಮನೆ ಕಾಯುತ್ತದೆ, ದೊಡ್ಡವಾದರೆ ತಿಂಗಳುಗಟ್ಟಲೆ. ಇನ್ನು ಗುರುತುಗಳು: ಹಾಸಿಗೆಯ ಹೊಲಿಗೆಯ ಉದ್ದಕ್ಕೆ ಇಂಕಿನ ಚುಕ್ಕೆಯಂಥ ಕಪ್ಪು ಕಲೆ, ಉದುರಿದ ಪೊರೆ. ಇವು ತಿಗಣೆ ಇತ್ತು ಎನ್ನುತ್ತವೆ, ಇದೆ ಎನ್ನುವುದಿಲ್ಲ. ತುರಿಕೆಯಂತೂ ನಂಬಲಾಗದ ಸಾಕ್ಷಿ. ಕೆಲವರಿಗೆ ಕಚ್ಚಿದರೂ ಏನೂ ಆಗುವುದಿಲ್ಲ, ಕೆಲವರಿಗೆ ಕಚ್ಚಿ ಎಷ್ಟೋ ದಿನಕ್ಕೆ ದದ್ದು ಏಳುತ್ತದೆ, ಇನ್ನು ಕೆಲವರಿಗೆ ತಿಗಣೆಯ ಸುದ್ದಿ ಎತ್ತಿದರೇ ಸಾಕು. ಈ ಸಾಲು ಬರೆಯುವಾಗ ನಾನು ಮೊಣಕೈ ಕೆರೆದುಕೊಂಡೆ.

ಅರಮನೆಯ ಆಳುಗಳಿಗೂ ಇದು ಸಿಕ್ಕಲಿಲ್ಲ. ಪಂಚತಂತ್ರದಲ್ಲಿ ರಾಜನ ಹಾಸಿಗೆಗೆ ಅತಿಥಿಯಾಗಿ ಬಂದ ತಿಗಣೆ ಹೊತ್ತುಗೊತ್ತು ನೋಡದೆ ಕಚ್ಚಿ ಸಂದಿಗೆ ಸೇರಿಕೊಳ್ಳುತ್ತದೆ. ದೀಪ ತಂದು ಹುಡುಕಿದವರ ಕೈಗೆ ಸಿಕ್ಕಿ ಸಾಯುವುದು ಅಲ್ಲೇ ಮರ್ಯಾದೆಯಿಂದ ಬಾಳಿಕೊಂಡಿದ್ದ ಹೇನು. ಯಾರನ್ನು ನಂಬಬಾರದು ಎಂಬ ನೀತಿಗಾಗಿ ಆ ಕತೆ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಹುಡುಕಾಟದ ದೋಷ. ಏನೋ ಒಂದು ಸಿಕ್ಕಿತು, ಕೊಂದಾಯಿತು, ಇನ್ನಿಲ್ಲ ಎಂದು ಆಳುಗಳು ದೀಪ ಆರಿಸಿದರು.

ಸರ್ಕಾರವೂ ಹಾಗೇ ದೀಪ ಆರಿಸಿದ್ದುಂಟು. 1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ಹೆಸರನ್ನು 1958ರಲ್ಲಿ ನಿರ್ಮೂಲನ ಎಂದು ಬದಲಿಸಿದರು. ಮನೆಮನೆಗೆ ಡಿಡಿಟಿ ಹೊಡೆದರು. ಮೊದಮೊದಲು ಜನ ಖುಷಿಯಿಂದ ಬಾಗಿಲು ತೆಗೆದದ್ದು ಸೊಳ್ಳೆಗಿಂತ ಹೆಚ್ಚಾಗಿ ತಿಗಣೆ ಸಾಯುತ್ತದೆಂದು. ಆದರೆ ಡಿಡಿಟಿಗೆ ಜಗ್ಗದ ತಿಗಣೆ 1947ರಲ್ಲೇ ಹವಾಯಿಯಲ್ಲಿ ಸಿಕ್ಕಿತ್ತು. ಇಲ್ಲಿಯೂ ತಿಗಣೆ ಸಾಯುವುದು ನಿಂತಿತು, ಹೊಡೆಯುವವರು ಬಂದರೆ ಜನ ಬೇಡ ಎನ್ನತೊಡಗಿದರು. ಅರವತ್ತರ ದಶಕದ ನಡುವೆ ವರ್ಷಕ್ಕೆ ಒಂದು ಲಕ್ಷದ ಆಸುಪಾಸಿಗೆ ಇಳಿದಿದ್ದ ಮಲೇರಿಯಾ 1976ರಲ್ಲಿ 64 ಲಕ್ಷ ದಾಟಿತು. ತೊಂಬತ್ತರ ದಶಕದ ಕೊನೆಗೆ ಕಾರ್ಯಕ್ರಮದ ಹೆಸರಿನಿಂದ ನಿರ್ಮೂಲನ ಎಂಬ ಮಾತನ್ನೇ ತೆಗೆದರು.

ಸಿಡುಬಿನ ವಿಷಯದಲ್ಲಿ ಹಾಗಾಗಲಿಲ್ಲ. ದೇಶದ ಕೊನೆಯ ಸಿಡುಬು 1975ರಲ್ಲಿ ಬಂದು ಹೋಯಿತು, ಆದರೆ ಇಲ್ಲ ಎಂದು ಸಾರಿದ್ದು 1977ರಲ್ಲಿ. ನಡುವಿನ ಕಾಲದಲ್ಲಿ ಕಾರ್ಯಕರ್ತರು ರೋಗಿಯ ಚಿತ್ರ ಹಿಡಿದು ಮನೆಮನೆ ಹೊಕ್ಕು ಕೇಳಿದರು, ತೋರಿಸಿಕೊಟ್ಟವರಿಗೆ ಬಹುಮಾನ ಎಂದು ಸಾರಿದರು. ಪೋಲಿಯೋದಲ್ಲೂ ಅಷ್ಟೇ: ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ, ಪ್ರಮಾಣಪತ್ರ 2014ರ ಮಾರ್ಚಿನಲ್ಲಿ. ಆ ವರ್ಷಗಳಲ್ಲಿ ಕೈಕಾಲು ಸೋತ ಮಗು ಎಲ್ಲಿ ಕಂಡರೂ ಮಲದ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತಿತ್ತು. ಕುಮಾರಿಲರ ಷರತ್ತನ್ನು ಇಷ್ಟು ದೊಡ್ಡದಾಗಿ ಪಾಲಿಸಿದ್ದು ಬೇರೆ ಎಲ್ಲಾದರೂ ಉಂಟೇ? ಇದ್ದಿದ್ದರೆ ಸಿಗುತ್ತಿತ್ತು ಎನ್ನುವಂತೆ ಹುಡುಕಿ, ಆಮೇಲೆ ಇಲ್ಲ ಎಂದರು.

ನಾದಿನಿಗೂ ನಾನು ಹೇಳಿದ್ದು ಇದನ್ನೇ, ಕುಮಾರಿಲರ ಹೆಸರು ಎತ್ತದೆ. ಹೂವಿನ ಬೆಡ್‌ಶೀಟು ತೆಗೆದು ಬಿಳಿ ಪಂಚೆ ಹಾಸು. ಹಳೆಯ ಕಲೆಗಳನ್ನು ಸೋಪು ಹಾಕಿ ಉಜ್ಜು, ಹೊಸದು ಬಿದ್ದರೆ ಗೊತ್ತಾಗಲಿ. ಮಂಚವನ್ನು ಗೋಡೆಯಿಂದ ಈಚೆ ಎಳೆದು ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಡು. ಇದು ನಮ್ಮಜ್ಜಿಯ ಕಾಲದ ಉಪಾಯ. ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ ಎಂದು ನಂಬಿ ಕೂರಬೇಡ. ಮೊಟ್ಟೆ ಸಮೇತ ಸಾಯಲು 50 ಡಿಗ್ರಿ ಕಾವು ಒಳಗಿನ ತನಕ ಮುಟ್ಟಬೇಕು. ಜಗಳೂರಿನ ಬೇಸಿಗೆಯಲ್ಲೇ ಅದು ಅನುಮಾನ, ಅಡಿಕೆ ತೋಟದ ನೆರಳಿನ ನಿನ್ನ ಅಂಗಳದಲ್ಲಿ ಕೇಳಲೇಬೇಡ. ಇಷ್ಟನ್ನೂ ಅವಳು ಒಪ್ಪಿದಳು. ಕೊನೆಯದಕ್ಕೆ ಮಾತ್ರ ಸುತರಾಂ ಒಪ್ಪಲಿಲ್ಲ: ಆ ಮಂಚದ ಮೇಲೆ ನೀನೇ ಮಲಗಬೇಕು.

ಅವಳು ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ದೇವತೆಗಳು ಹೂವು, ಹಿಮ, ಸಮುದ್ರ ಹುಡುಕಿಕೊಂಡು ಮಲಗಿದ್ದೇ ತಿಗಣೆಯ ಗುಮಾನಿಯಿಂದ ಎಂದು ತಮಾಷೆ ಮಾಡುವ ಹಳೆಯ ಚಾಟುಶ್ಲೋಕವೊಂದಿದೆ. ಆದರೆ ದೇವತೆಗಳು ಹಾಸಿಗೆ ಬಿಟ್ಟರೆ ಹಾಸಿಗೆಯಲ್ಲಿ ಏನಿದೆಯೆಂದು ತಿಳಿಯುವುದಾದರೂ ಹೇಗೆ? ಮನುಷ್ಯರಿಲ್ಲದ ಮಂಚದಲ್ಲಿ ತಿಗಣೆ ಹೊರಗೆ ಬರುವುದು ಕಡಿಮೆ. ಖಾಲಿ ಕೋಣೆಯಲ್ಲಿ ಕಾಣಲಿಲ್ಲ ಎಂಬುದು ಕತ್ತಲೆಯ ಗಡಿಗೆಯ ಲೆಕ್ಕಕ್ಕೆ ಹೋಗುತ್ತದೆ. ಇಲ್ಲ ಎಂದು ತಿಳಿಯಬೇಕಾದರೆ ಇರಬಹುದಾದ ಜಾಗದಲ್ಲೇ ಮೈಚಾಚಬೇಕು. ಇದು ಅನ್ಯಾಯವೆಂದು ನನಗೂ ಅನ್ನಿಸುತ್ತದೆ, ಆದರೆ ಬೇರೆ ದಾರಿ ಹೊಳೆಯಲಿಲ್ಲ.

ಅಲ್ಲಿಯ ಹಿರಿಯರೊಬ್ಬರು ಅವಳಿಗೆ ಗೀತೆ ಹೇಳಿದರಂತೆ: ಸಂಶಯ ಪಡುವವರಿಗೆ ಸುಖವಿಲ್ಲ, ಬಿಟ್ಟುಬಿಡಮ್ಮ. ಗೀತೆಯನ್ನು ಹೀಗೆ ಬಾಯಿಮುಚ್ಚಿಸಲು ಬಳಸುವುದು ನನಗೆ ಸೇರುವುದಿಲ್ಲ. ಅದೇ ನಾಲ್ಕನೇ ಅಧ್ಯಾಯದ ಕೊನೆಗೆ ಸಂಶಯವನ್ನು ಜ್ಞಾನದಿಂದ ಕತ್ತರಿಸು ಎನ್ನುತ್ತಾನೆ ಕೃಷ್ಣ. ಕಣ್ಣು ಮುಚ್ಚಿಕೋ ಎಂದಿಲ್ಲ. ಏಳಲ್ಲ, ಹದಿನಾರು ಪದಾರ್ಥ ಎಣಿಸುವ ಹಳೆಯ ನ್ಯಾಯಶಾಸ್ತ್ರದಲ್ಲಿ ಸಂಶಯಕ್ಕೂ ಒಂದು ಮಣೆ ಹಾಕಿದ್ದಾರೆ. ಸಂಶಯ ಇಲ್ಲದಿದ್ದರೆ ವಿಚಾರ ಶುರುವಾಗುವುದೇ ಇಲ್ಲ.

ಆದರೆ ಸಂಶಯ ನಿಲ್ಲುವುದೆಲ್ಲಿ? ಕೊನೆಗೂ ನಾದಿನಿ ಒಪ್ಪಿ ಆ ಮಂಚದ ಮೇಲೆ ಮಲಗತೊಡಗಿದಳು. ಬಿಳಿ ಪಂಚೆ ಬಿಳಿಯಾಗಿಯೇ ಉಳಿಯಿತು. ಬಟ್ಟಲಿನ ನೀರಿನಲ್ಲಿ ಇರುವೆ ಬಿಟ್ಟರೆ ಏನೂ ಬೀಳಲಿಲ್ಲ. ನಡುರಾತ್ರಿ ಎದ್ದು ಟಾರ್ಚು ಬಿಟ್ಟು ನೋಡಿದರೂ ಏನಿಲ್ಲ. ಮೊಟ್ಟೆ ಒಡೆದು ಮರಿ ಬೆಳೆದು ಮತ್ತೆ ಮೊಟ್ಟೆಯಿಡುವಷ್ಟು ಕಾಲವೂ ಕಳೆಯಿತು. ಆಗಲೂ ಫೋನು ಬಂತು. “ಒಂದೇ ಒಂದು ಉಳಿದಿದ್ರೆ ಅತ್ತಿಗೆ?” ಹತ್ತು-ಹನ್ನೊಂದನೆಯ ಶತಮಾನದ ನೈಯಾಯಿಕ ಉದಯನ ಇದಕ್ಕೆ ಉತ್ತರ ಕೊಟ್ಟಿದ್ದಾನೆ: ಶಂಕೆಗೆ ಮೇರೆ ನಮ್ಮ ನಡವಳಿಕೆಯೇ. ಬೆಂಕಿಯಿಂದ ಹೊಗೆ ಬರುತ್ತದೋ ಇಲ್ಲವೋ ಎಂದು ವಾದಿಸುವವನೂ ಹೊಗೆ ಬೇಕಾದಾಗ ಒಲೆ ಹಚ್ಚುತ್ತಾನಲ್ಲ, ಅಲ್ಲಿಗೆ ಅವನ ಶಂಕೆ ಮುಗಿಯಿತು. ನಾನು ಇದನ್ನೇ ನಾದಿನಿಗೆ ನನ್ನ ಮಾತಿನಲ್ಲಿ ಹೇಳಿದೆ: ದಿನಾ ಅದೇ ಮಂಚದಲ್ಲಿ ಮಲಗಿ ಏಳ್ತಿದೀಯಲ್ಲ, ನಿನಗೆ ಅನುಮಾನ ಹೋಗಿದೆ ಅಂತಲೇ ಅರ್ಥ. ಅವಳು ತಟ್ಟನೆ ಅಂದಳು, “ಮಲಗ್ತೀನಿ, ಅನುಮಾನಾನೂ ಪಡ್ತೀನಿ. ಅನುಮಾನ ಇಲ್ಲದಿದ್ರೆ ನಿಮಗ್ಯಾಕೆ ಫೋನ್ ಮಾಡ್ಲಿ?” ಹನ್ನೆರಡನೆಯ ಶತಮಾನದಲ್ಲಿ ಶ್ರೀಹರ್ಷ ಖಂಡನಖಂಡಖಾದ್ಯದಲ್ಲಿ ಉದಯನನ ಮಾತನ್ನು ತಿರುಗಿಸಿ ಹೊಡೆದದ್ದು ಹೀಗೇ: ನಡವಳಿಕೆಗೂ ಶಂಕೆಗೂ ವಿರೋಧ ಬಂತು ಎಂದರೆ ಶಂಕೆ ಇದೆ ಎಂದೇ ಆಯಿತಲ್ಲ. ಅಪ್ಪ ಶ್ರೀಹರ್ಷನ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದರು.

ಉದಯನನೇ ಸರಿಯೆಂದು ಇವತ್ತಿಗೂ ನನ್ನ ಪಕ್ಷ. ಚನ್ನಗಿರಿಯಲ್ಲಿ ಅವನು ಗೆದ್ದನೆಂದು ಮಾತ್ರ ಹೇಳಲಾರೆ. ಹೋದ ತಿಂಗಳು ಜಗಳೂರಿನಲ್ಲಿ ಅಣ್ಣನ ಮೊಮ್ಮಗನ ನಾಮಕರಣ. ನಾದಿನಿ ಬಟ್ಟೆಯನ್ನೆಲ್ಲ ಕುದಿನೀರಿನಲ್ಲಿ ಅದ್ದಿ ತೆಗೆದು, ಬರಲೋ ಬೇಡವೋ ಎಂದು ಕೇಳಿದಳು. ಬಾ ಎಂದೆ. ವಿಷಯ ಮುಚ್ಚಿಡುವುದು ಸರಿಯಲ್ಲವೆಂದು ಅಣ್ಣನಿಗೂ ಹೇಳಿದೆ. “ಪೂರ್ತಿ ಹೋಗ್ಯಾವ ತಾನೇ?” ಎಂದು ಕೇಳಿದ. ಸಿಗೋ ಹಾಗೆ ಹುಡುಕಿದೀವಿ, ಸಿಕ್ಕಿಲ್ಲ ಎಂದೆ. ಅಪ್ಪನ ಹತ್ತಿರ ತರ್ಕ ಓದಿದವನು ಅವನು. ಒಂದು ಗಳಿಗೆ ಯೋಚಿಸಿ, “ಹಂಗಾದ್ರೆ ಧಾರಾಳ ಬರ್ಲಿ. ಅವರ ಚೀಲ ಒಂದು ಜಗಲಿ ಮೇಲೇ ಇರ್ಲಿ” ಎಂದ.